ಹೊಲಿಗೆ ಯೂನಿಟ್‌ನಲ್ಲಿ ಮೂರು ವರ್ಷ ವಿಜ್ಞಾನ ಪಾಡ್‌ಕಾಸ್ಟ್ ಕೇಳಿದ ಅನುಭವ

ಬಳ್ಳಾರಿಯ ಒಂದು ಸಣ್ಣ ಜೀನ್ಸ್ ಯೂನಿಟ್‌ನಲ್ಲಿ ನನ್ನ ಕೆಲಸ. ಮೂರು ವರ್ಷದಿಂದ ಕೆಲಸದ ಜೊತೆಗೇ ವಿಜ್ಞಾನದ ಪಾಡ್‌ಕಾಸ್ಟ್ ಕೇಳುತ್ತಿದ್ದೇನೆ. ಹೊಲಿಯುವಾಗ ಅಲ್ಲ, ಮಷಿನ್ ಸದ್ದಿಗೆ ಏನೂ ಕೇಳಿಸುವುದಿಲ್ಲ. ಸಂಜೆ ಮಷಿನ್ ನಿಂತ ಮೇಲೆ ದಾರ ಕತ್ತರಿಸುತ್ತಾ, ಪ್ಯಾಂಟ್ ಮಡಚುತ್ತಾ ಕೂರುತ್ತೇವಲ್ಲ, ಆಗ. ಕೈ, ಕಣ್ಣು ಎರಡೂ ಬಟ್ಟೆ ಮೇಲೆ ಇರುತ್ತವೆ, ಬಿಡುವಾಗಿರುವುದು ಕಿವಿ ಮಾತ್ರ. ವಿಡಿಯೊ ನೋಡುವ ಹಾಗಿಲ್ಲ, ಪುಸ್ತಕ ತೆರೆಯುವ ಹಾಗಿಲ್ಲ. ನನ್ನಂಥವರಿಗೆ ವಿಜ್ಞಾನ ತಲುಪೋಕೆ ಇದಕ್ಕಿಂತ ಒಳ್ಳೆ ದಾರಿ ನನಗಂತೂ ಸಿಕ್ಕಿಲ್ಲ.

ಆ್ಯಪ್ ಯಾವುದಾದರೂ ಆಗುತ್ತದೆ. ನಾನು ಮೊದಲು ಬಳಸುತ್ತಿದ್ದದ್ದು ನಿಂತೇಹೋಯಿತು, ಆಮೇಲೆ ಬೇರೆಯದು ಹಾಕಿಕೊಂಡೆ. ಪಾಡ್‌ಕಾಸ್ಟ್ ಮಾಡುವವರು ಆರ್‌ಎಸ್‌ಎಸ್ ಫೀಡ್ ಅಂತ ತಮ್ಮ ಎಪಿಸೋಡ್‌ಗಳ ಒಂದು ಪಟ್ಟಿ ಇಟ್ಟಿರುತ್ತಾರೆ, ಆ್ಯಪ್ ಅದನ್ನು ನೋಡಿ ಹೊಸ ಎಪಿಸೋಡ್ ತಂದುಕೊಡುತ್ತದೆ, ಅಷ್ಟೇ. ನೀವು ಕೇಳುವ ಪಾಡ್‌ಕಾಸ್ಟ್‌ಗಳ ಪಟ್ಟಿಯನ್ನು ಒಪಿಎಂಎಲ್ ಫೈಲ್ (ಬೇರೆ ಆ್ಯಪ್‌ಗೂ ಹಾಕಿಕೊಳ್ಳಬಹುದಾದ ಫೈಲ್) ಮಾಡಿ ಇಟ್ಟುಕೊಳ್ಳಿ, ನಾನು ಇಟ್ಟುಕೊಳ್ಳದೆ ಎಲ್ಲಾ ಮತ್ತೆ ಹುಡುಕಬೇಕಾಯಿತು.

ನನ್ನನ್ನು ಹಿಡಿದು ಕೂರಿಸಿದ್ದು ಗುರುತ್ವ ಅಲೆಗಳನ್ನು ಹಿಡಿಯುವ ಲೈಗೊ ಬಗ್ಗೆ ಕೇಳಿದ ಒಂದು ಎಪಿಸೋಡ್. ಎರಡು ಕಪ್ಪುಕುಳಿಗಳು ಒಂದಕ್ಕೊಂದು ಸುತ್ತಿ ಸುತ್ತಿ ಸೇರಿಕೊಂಡವು, ಅದರ ಅಲೆ ಸುಮಾರು 130 ಕೋಟಿ ವರ್ಷ ಹರಿದು ಬಂದು 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಎರಡು ಡಿಟೆಕ್ಟರ್‌ಗಳಿಗೆ ತಾಕಿತು. ಆ ಅಲೆಯ ಕಂಪನ ಸುಮಾರು 35 ಹರ್ಟ್ಸ್‌ನಿಂದ 250ರವರೆಗೆ ಏರಿತ್ತಂತೆ. ನಮ್ಮ ಕಿವಿಗೆ ಕೇಳುವ ಮಟ್ಟವೇ ಅದು! ಅದಕ್ಕೇ ಅದನ್ನು ಸದ್ದಾಗಿ ಮಾಡಿ ಕೇಳಿಸಿದರು. ಗುಂಯ್ ಅಂತ ಶುರುವಾಗಿ ಟುಪ್ ಅಂತ ಮೇಲೇರಿ ನಿಂತುಹೋಯಿತು, ಒಂದು ಸೆಕೆಂಡೂ ಇಲ್ಲ. ಹತ್ತು ಸಲ ಹಿಂದೆ ತಿರುಗಿಸಿ ಕೇಳಿದೆ. ಅದು ಆಕಾಶದಿಂದ ಬಂದ ಸದ್ದಲ್ಲ, ಜಾಗವೇ ಹಿಗ್ಗಿ ಕುಗ್ಗಿದ್ದನ್ನು ಸದ್ದಾಗಿ ಬದಲಿಸಿದ್ದು ಅಂತ ಬಿಡಿಸಿ ಹೇಳಿದ್ದು ತುಂಬಾ ಹಿಡಿಸಿತು. ಪೇಪರ್‌ನಲ್ಲಿ ಓದಿದ್ದರೆ ಮರುದಿನ ಮರೆತಿರುತ್ತಿದ್ದೆ.

ತೊಂದರೆಗಳೂ ಇವೆ. ಯೂಟ್ಯೂಬ್ ವಿಡಿಯೊದ ಧ್ವನಿಯನ್ನೇ ತೆಗೆದು ಪಾಡ್‌ಕಾಸ್ಟ್ ಅಂತ ಹಾಕುತ್ತಾರೆ, "ಈ ಚಿತ್ರದಲ್ಲಿ ನೋಡಿ" ಅಂತಾರೆ, ನಾನೇನು ನೋಡಲಿ? ಒಂದರಲ್ಲಂತೂ ರೋಗನಿರೋಧಕ ಶಕ್ತಿ ಹೇಗೆ ಕೆಲಸ ಮಾಡುತ್ತದೆ ಅಂತ ಚೆನ್ನಾಗಿ ಹೇಳುತ್ತಾ, ನಡುವೆ ಅದನ್ನೇ ಹೆಚ್ಚಿಸುವ ಪುಡಿಯ ಜಾಹೀರಾತನ್ನು ಅದೇ ದನಿಯಲ್ಲಿ ಓದಿದರು. ಪಕ್ಕದಲ್ಲಿ ಕೂತಿದ್ದ ಅಕ್ಕ ಅದೂ ವಿಜ್ಞಾನವೇ ಅಂದುಕೊಂಡು ಹೆಸರು ಬರೆದುಕೊಂಡರು. ನಂಬಿಕೆಯ ದನಿ ಅದು, ಹಾಗೆ ಮಾಡಬಾರದು. ತಪ್ಪು ಹೇಳಿದರೆ ಮುಂದಿನ ವಾರ ತಿದ್ದುತ್ತಾರೆ ನಿಜ, ಆದರೆ ಆ ವಾರ ಕೇಳದವರಿಗೆ ತಪ್ಪೇ ಉಳಿಯುತ್ತದೆ. ಕನ್ನಡದಲ್ಲಿ ವಿಜ್ಞಾನ ಇನ್ನೂ ಜಾಸ್ತಿ ಬೇಕು. ಇಂಗ್ಲಿಷ್‌ನದು ಕೇಳುವಾಗ ವೇಗ ಕಡಿಮೆ ಮಾಡಿಕೊಳ್ಳುತ್ತೇನೆ, ಆದರೂ ಅರ್ಧ ತಪ್ಪಿಹೋಗುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಇನ್ನೊಂದು ಯಾಕೆ ಕೊಡಲಿಲ್ಲ ಅಂದರೆ, ನಮ್ಮೂರಿನ ಸದ್ದು ಇದುವರೆಗೆ ನನಗೆ ಒಂದರಲ್ಲೂ ಕೇಳಿಸಿಲ್ಲ. ಊರಾಚೆ ಸಂಗನಕಲ್ಲು, ಕಪ್ಪಗಲ್ಲು ಕಡೆ ಗುಡ್ಡದಲ್ಲಿ ಕಪ್ಪು ಡೋಲರೈಟ್ ಬಂಡೆಗಳಿವೆ. ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ಮೊಳಗುತ್ತವೆ. ನವಶಿಲಾಯುಗದ ಜನ ಅವನ್ನು ಬಾರಿಸುತ್ತಿದ್ದಿರಬೇಕು ಅಂತ ಪುರಾತತ್ವ ಸಂಶೋಧಕಿ ನಿಕೋಲ್ ಬೊಯಿವಿನ್ 2004ರಲ್ಲಿ ಬರೆದರು. ಬಂಡೆ ಮೇಲೆ ತಟ್ಟಿ ತಟ್ಟಿ ಆದ ಕುಳಿಗಳೂ ಇವೆ. ಮಗಳನ್ನು ಕರೆದುಕೊಂಡು ಒಂದು ಭಾನುವಾರ ಹೋಗಿದ್ದೆ. ಹಳೇ ಕಾಲದವರು ಕೆತ್ತಿದ ಚಿತ್ರ ಇಲ್ಲದ ಒಂದು ಬಂಡೆಗೆ ಮೆಲ್ಲಗೆ ತಟ್ಟಿದೆವು, ಠಣ್ ಅಂದಿತು. ಅವಳು ಕಿವಿಯನ್ನು ಕಲ್ಲಿಗೇ ಇಟ್ಟು ಸುಮ್ನೆ ಕೂತುಬಿಟ್ಟಳು. ಅಲ್ಲಿ ಕಲ್ಲು ಗಣಿಗಾರಿಕೆಯ ಭಯವೂ ಇದೆ. ಸದ್ದಿನಲ್ಲೇ ಹೇಳಬೇಕಾದ ವಿಜ್ಞಾನ ಅದು ಅಲ್ವಾ? ಪಾಡ್‌ಕಾಸ್ಟ್ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೈಕ್ ತಗೊಂಡು ಬನ್ನಿ, ಭಾನುವಾರ ನನಗೆ ರಜೆ, ದಾರಿ ನಾನೇ ತೋರಿಸುತ್ತೇನೆ.