ಜೆ.ಸಿ. ರಸ್ತೆ: ಕಲಾಕ್ಷೇತ್ರದ ಪ್ರೇಕ್ಷಕರಿಗೆ ನಡೆಯಲು ದಾರಿಯಿಲ್ಲ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆಯನ್ನು ನಗರವು ತನ್ನ ಜನರಿಗೆ ಒದಗಿಸಿರುವ ಒಂದು ಸೇವೆಯೆಂದು ಭಾವಿಸಿ ಈ ವಿಮರ್ಶೆ ಬರೆಯುತ್ತಿದ್ದೇನೆ. ನಾಟಕ ನೋಡಲೆಂದೂ ಕಾರಿನ ಬಿಡಿಭಾಗ ಕೊಳ್ಳಲೆಂದೂ ವರ್ಷಗಳಿಂದ ಇಲ್ಲಿಗೆ ಬರುತ್ತಿದ್ದೇನೆ. ವಾಹನದಲ್ಲಿ ಹಾದುಹೋಗುವವರಿಗೆ ಇದು ದಟ್ಟಣೆಯ ಮತ್ತೊಂದು ರಸ್ತೆಯಷ್ಟೇ. ನಡೆದು ಹೋಗುವವರಿಗೆ ಮಾತ್ರ ಇದರ ಸ್ಥಿತಿ ಎಷ್ಟು ಶೋಚನೀಯ ಎಂಬುದು ಅರ್ಥವಾಗುತ್ತದೆ.

ಬೆಂಗಳೂರಿನಲ್ಲಿ ಕನ್ನಡದ ಸಾಂಸ್ಕೃತಿಕ ಬದುಕು ಇಷ್ಟು ಒತ್ತಾಗಿ ನೆಲೆಗೊಂಡಿರುವ ರಸ್ತೆ ಇನ್ನೊಂದಿಲ್ಲ. 1935ರಲ್ಲಿ ಪೂರ್ಣಗೊಂಡ ಸರ್ ಪುಟ್ಟಣ್ಣಚೆಟ್ಟಿ ಪುರಭವನ ಇದರ ಒಂದು ತುದಿಯಲ್ಲಿ ಎತ್ತರದ ಕಂಬಗಳೊಂದಿಗೆ ನಿಂತಿದೆ. ಅಲ್ಲಿಂದ ಸ್ವಲ್ಪವೇ ಮುಂದೆ, ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗಾಗಿ ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ, ಅದರ ಆಸುಪಾಸಿನಲ್ಲಿಯೇ ಸಂಸ ಬಯಲು ರಂಗಮಂದಿರ, ಕನ್ನಡ ಭವನ ಮತ್ತು ನಯನ ಸಭಾಂಗಣ ಇವೆ. 1972ರಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಬಯಲಿನಲ್ಲಿ ಆಡಿಸಿದ ನಾಟಕಗಳಿಂದ ಆಧುನಿಕ ಕನ್ನಡ ರಂಗಭೂಮಿ ಹೊಸ ತಿರುವು ಪಡೆಯಿತು ಎಂಬುದನ್ನು ರಂಗಾಸಕ್ತರೆಲ್ಲರೂ ಬಲ್ಲರು. ರಸ್ತೆ ಹೊತ್ತಿರುವ ಹೆಸರೂ ಸಂಗೀತ ಕೃತಿಗಳನ್ನು ರಚಿಸಿದ ಅರಸರೊಬ್ಬರದು. ಇಂಥ ತಾಣಕ್ಕೆ ಬರುವ ಪ್ರೇಕ್ಷಕನಿಗೆ ಕಾಲಿಡಲು ಸಿಗುವುದು ಚರಂಡಿಯ ಮೇಲೆ ಹಾಸಿದ, ಒಂದು ಮೇಲೆ ಒಂದು ಕೆಳಗೆ ಇರುವ ಚಪ್ಪಡಿಗಳು.

ಪಾದಚಾರಿ ಮಾರ್ಗದ ಬಗ್ಗೆ ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಿದ್ಧಪಡಿಸಿರುವ ಮಾರ್ಗಸೂಚಿಯು ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕೆಂದೂ, ರಸ್ತೆಯ ಮಟ್ಟದಿಂದ ಅದರ ಎತ್ತರ 150 ಮಿಲಿಮೀಟರ್ ಮೀರಬಾರದೆಂದೂ ಹೇಳುತ್ತದೆ. ನಾನು ನಡೆದ ಕಡೆಗಳಲ್ಲಿ ಈ ಅಗಲ ಸತತವಾಗಿ ಸಿಕ್ಕಿದ್ದೇ ಇಲ್ಲ. ಎಲ್ಲೋ ಒಂದಿಷ್ಟು ದೂರ ಸರಾಗವಾಗಿ ನಡೆದೆನೆನ್ನುವಷ್ಟರಲ್ಲಿ ವಿದ್ಯುತ್ ಪೆಟ್ಟಿಗೆಯೋ, ನೇತಾಡುವ ಕೇಬಲ್ಲುಗಳ ಸುರುಳಿಯೋ, ಅಗೆದು ಅರೆಬರೆ ಮುಚ್ಚಿದ ಗುಂಡಿಯೋ ಎದುರಾಗುತ್ತದೆ. ಆಗ ರಸ್ತೆಗೆ ಇಳಿಯದೆ ಗತಿಯಿಲ್ಲ, ಇಳಿದರೆ ಬಸ್ಸುಗಳ ಪಕ್ಕದಲ್ಲಿಯೇ ನಡೆಯಬೇಕು. ಸಂಜೆ ಏಳರ ನಾಟಕಕ್ಕೆ ಬರುವ ಹಿರಿಯರು ಒಬ್ಬರ ಕೈ ಇನ್ನೊಬ್ಬರು ಹಿಡಿದು ಈ ಅಂಚಿನಲ್ಲಿ ಸಾಗುವುದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗಂತೂ ಈ ದಾರಿ ಇಲ್ಲವೆಂದೇ ಹೇಳಬೇಕು.

ಇದರ ಹೊಣೆಯನ್ನು ಬಿಡಿಭಾಗಗಳ ಅಂಗಡಿಗಳ ಮೇಲೆ ಹೊರಿಸುವ ಮಾತು ಆಗಾಗ ಕೇಳಿಬರುತ್ತದೆ. ನಾನು ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಅಂಗಡಿಯ ಮುಂದೆಯೇ ಸೀಟು ಕವರು ಹೊಂದಿಸುವುದು, ಗಾಜು ಕೂರಿಸುವುದು, ಟೆಂಪೋದಿಂದ ಸರಕು ಇಳಿಸುವುದು ನಡೆಯುತ್ತದೆ ಎಂಬುದೂ, ಇದರಿಂದ ನೆಲವೆಲ್ಲ ಎಣ್ಣೆಯ ಕಲೆಯಾಗಿದೆ ಎಂಬುದೂ ನಿಜ. ಆದರೆ ಇಷ್ಟು ದೊಡ್ಡ ವಾಹನ ವ್ಯಾಪಾರಕ್ಕೆ ಸರಕು ಇಳಿಸುವ ಜಾಗವನ್ನಾಗಲಿ, ಅದಕ್ಕೆಂದು ನಿಗದಿಯಾದ ಹೊತ್ತನ್ನಾಗಲಿ ಗೊತ್ತುಮಾಡಿಕೊಡದೆ ಬಿಟ್ಟರೆ ವ್ಯಾಪಾರವು ತನಗೆ ಸಿಕ್ಕ ಅಂಚಿಗೆ ಹರಡಿಕೊಳ್ಳುವುದು ಸಹಜ. ಹಳೆಯ ಮಾದರಿಯ ಕಾರಿನ ಸಣ್ಣದೊಂದು ಭಾಗದ ಹೆಸರು ಹೇಳಿದರೆ ಸಾಕು, ತಮ್ಮಲ್ಲಿ ಇಲ್ಲದಿದ್ದರೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಹೇಳಿ ಕಳುಹಿಸುವ ವ್ಯಾಪಾರಿಗಳು ಇಲ್ಲಿದ್ದಾರೆ. ಅವರ ತಿಳಿವಳಿಕೆಯ ಬಗ್ಗೆ ನನಗೆ ಗೌರವವಿದೆ, ಮತ್ತು ರಸ್ತೆಯನ್ನು ಸರಿಪಡಿಸುವ ಹೆಸರಿನಲ್ಲಿ ಅವರನ್ನು ಎಬ್ಬಿಸಬಾರದು.

ರಸ್ತೆ ದಾಟುವ ಕಷ್ಟ ಇನ್ನೂ ಹೆಚ್ಚಿನದು. ವಾಹನಗಳ ಸಾಲು ಕಡಿಯುವುದೇ ಅಪರೂಪವಾದ್ದರಿಂದ, ಕಲಾಕ್ಷೇತ್ರದ ಎದುರು ದಾಟಬೇಕಾದವರು ಗುಂಪು ಸೇರುವವರೆಗೆ ಕಾದು ಕೈ ಎತ್ತಿ ಒಟ್ಟಿಗೆ ನುಗ್ಗುತ್ತಾರೆ. ರಾತ್ರಿ ನಾಟಕ ಮುಗಿದ ಮೇಲೆ, ಅಂಗಡಿಗಳ ಬಾಗಿಲು ಮುಚ್ಚಿ ಅವುಗಳ ದೀಪಗಳೂ ಆರಿದಾಗ, ಮೆಟ್ರೊ ನಿಲ್ದಾಣದ ಕಡೆಗೆ ನಡೆಯುವ ಹೆಣ್ಣುಮಕ್ಕಳಿಗೆ ಬೆಳಕು ಸಾಲದು.

ಮಿನರ್ವ ವೃತ್ತದಿಂದ ಹಡ್ಸನ್ ವೃತ್ತದ ಕಡೆಗೆ ಮೇಲ್ಸೇತುವೆ ಕಟ್ಟುವ ಪ್ರಸ್ತಾವ ಬಹಳ ಹಳೆಯದು. ಅದು ಈ ರಸ್ತೆಯನ್ನು ದಾಟಿ ಬೇರೆಡೆಗೆ ಹೋಗುವವರಿಗೆ ನೆರವಾಗಬಹುದು. ಈ ರಸ್ತೆಗೇ ಬರುವವರಿಗೆ ಅದರಿಂದ ಒಂದು ಚಪ್ಪಡಿಯೂ ಸಮವಾಗುವುದಿಲ್ಲ. ಇದೇ ನಗರವು ಟೆಂಡರ್ ಶ್ಯೂರ್ ಯೋಜನೆಯಲ್ಲಿ ಕೊಳವೆ, ತಂತಿಗಳನ್ನು ನೆಲದಡಿಯ ನಿಗದಿತ ಮಾರ್ಗಕ್ಕೆ ಸೇರಿಸಿ, ಮೇಲೆ ಅಗಲವಾದ ಪಾದಚಾರಿ ಮಾರ್ಗವನ್ನು ಕಟ್ಟಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಮೊದಲ ಹಂತದಲ್ಲಿಯೇ ನವೀಕರಿಸಿತ್ತು. ಅಲ್ಲಿ ಸಾಧ್ಯವಾದ ಕೆಲಸ ಇಲ್ಲಿ ಅಸಾಧ್ಯವೆಂದು ನಾನು ನಂಬುವುದಿಲ್ಲ. ಪುರಭವನದಿಂದ ಕನ್ನಡ ಭವನದವರೆಗಿನ ಚಿಕ್ಕ ಅಂತರದಲ್ಲಾದರೂ ಸಮತಟ್ಟಾದ ಮಾರ್ಗ, ದಾಟಲು ಸಿಗ್ನಲ್ ದೀಪ ಮತ್ತು ರಾತ್ರಿಗೆ ಸಾಕಷ್ಟು ಬೆಳಕು ಒದಗಿಸುವುದರಿಂದ ಕೆಲಸ ಶುರುವಾಗಲಿ.

ಕಲಾಕ್ಷೇತ್ರಕ್ಕೆ ಹೊಸದಾಗಿ ಬರುವವರು ಆಟೊದಲ್ಲಿ ನೇರವಾಗಿ ಗೇಟಿನವರೆಗೆ ಬಂದು ಇಳಿಯುವುದು ಒಳ್ಳೆಯದು. ಜೊತೆಯಲ್ಲಿ ವಯಸ್ಸಾದವರಿದ್ದರೆ ಬೇರೆ ಆಲೋಚನೆಯೇ ಬೇಡ. ಬಿಡಿಭಾಗ ಕೊಳ್ಳುವವರು ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಬಂದರೆ ನಿಂತು ಮಾತನಾಡಲು ಜಾಗ ಸಿಗುತ್ತದೆ. ಐದರಲ್ಲಿ ನಾನು ಕೊಡುವುದು ಒಂದೂವರೆ ಅಂಕ. ಅಷ್ಟೂ ರಂಗಮಂದಿರಗಳಿಗೆ ಮತ್ತು ವ್ಯಾಪಾರಿಗಳಿಗೆ ಸಲ್ಲಬೇಕಾದದ್ದು, ರಸ್ತೆಗಲ್ಲ.