ಹಳೆಯ ಪ್ರಿಂಟರಿಗೆ ಡ್ರೈವರ್ ಹುಡುಕುತ್ತಿದ್ದೀರಾ? ಪರದೆಯ ಮೇಲೆ ಕಾಣುವ 1800 ಸಂಖ್ಯೆಗೆ ಕರೆ ಮಾಡಬೇಡಿ

ಹೊಸ ಲ್ಯಾಪ್‌ಟಾಪಿಗೆ ಹಳೆಯ ಪ್ರಿಂಟರನ್ನು ಜೋಡಿಸಲು ಅಂತರಜಾಲದಲ್ಲಿ ಡ್ರೈವರ್ (ಪ್ರಿಂಟರನ್ನು ಕಂಪ್ಯೂಟರಿನೊಂದಿಗೆ ಕೆಲಸ ಮಾಡಿಸುವ ತಂತ್ರಾಂಶ) ಹುಡುಕುವವರು ಇದನ್ನು ದಯವಿಟ್ಟು ಓದಬೇಕು. ಡ್ರೈವರ್ ಇಳಿಸಿಕೊಳ್ಳುವಾಗ ‘ಇನ್‌ಸ್ಟಾಲೇಷನ್ ವಿಫಲವಾಗಿದೆ, ಸಹಾಯಕ್ಕೆ ಈ ಸಂಖ್ಯೆಗೆ ಕರೆ ಮಾಡಿ’ ಎಂದು ಪರದೆಯ ಮೇಲೆ ಬಂದರೆ ಆ ಸಂಖ್ಯೆ ಪ್ರಿಂಟರ್ ಕಂಪನಿಯದ್ದಲ್ಲ. ಕಂಪನಿಯ ಲಾಂಛನ, ಬಣ್ಣ, ಪ್ರಿಂಟರಿನ ಚಿತ್ರ ಎಲ್ಲವೂ ಇದ್ದರೂ ಅದು ಕಂಪನಿಯದ್ದಲ್ಲ. ನನ್ನಿಂದ 2,950 ರೂಪಾಯಿ ಕಿತ್ತುಕೊಂಡವರು ಅಲ್ಲಿಯೇ ಕುಳಿತಿದ್ದರು. ಹಣ ಹೋದದ್ದಕ್ಕಿಂತ ಹೆಚ್ಚಾಗಿ, ಅವರು ಮಾತನಾಡಿದ ರೀತಿ ನೆನಪಾದಾಗಲೆಲ್ಲ ಇಂದಿಗೂ ಮೈ ಉರಿಯುತ್ತದೆ.

ನಾನು ಅರಸೀಕೆರೆಯಲ್ಲಿ ಪತ್ರ ಬರಹಗಾರ. ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಸಿದ್ಧಪಡಿಸಿಕೊಡುವುದು ನನ್ನ ವೃತ್ತಿ. ನನ್ನಲ್ಲಿರುವುದು ಕ್ಯಾನನ್ ಎಲ್‌ಬಿಪಿ 2900. ಜೆರಾಕ್ಸ್ ಅಂಗಡಿ, ವಕೀಲರ ಕಚೇರಿ, ಸಹಕಾರ ಸಂಘ ಎಲ್ಲಿಗೆ ಹೋದರೂ ಕಣ್ಣಿಗೆ ಬೀಳುವ ಆ ಬಿಳಿ ಪೆಟ್ಟಿಗೆಯೇ ಅದು. ಟೋನರ್ ರೀಫಿಲ್ ಮಾಡಿಸಿಕೊಂಡು ವರ್ಷಗಟ್ಟಲೆ ಓಡಿಸಿದ್ದೇನೆ, ಒಂದು ದಿನವೂ ಕೈ ಕೊಟ್ಟಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತೆಂದು ಎಲ್ಲರೂ ಹೇಳುತ್ತಿದ್ದರು. ನನ್ನ ಕಂಪ್ಯೂಟರ್ ಅದಕ್ಕಿಂತಲೂ ಹಳೆಯದು, ವಿಂಡೋಸ್ 7ರ 32 ಬಿಟ್‌ನದ್ದು. ಹಾಗಾಗಿ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ತಂದೆ. ಪ್ರಿಂಟರಿನ ಜೊತೆ ಬಂದಿದ್ದ ಸಿ.ಡಿ. ಕೈಯಲ್ಲಿತ್ತು, ಆದರೆ ಹೊಸ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಇದ್ದಿದ್ದರೂ ಪ್ರಯೋಜನವಾಗುತ್ತಿರಲಿಲ್ಲ, ಏಕೆಂದರೆ ಆ ಸಿ.ಡಿ.ಯಲ್ಲಿದ್ದದ್ದು 32 ಬಿಟ್‌ನ ಡ್ರೈವರ್. ವಿಂಡೋಸ್ 11ರಲ್ಲಿ 32 ಬಿಟ್‌ನ ಆವೃತ್ತಿಯೇ ಇಲ್ಲ, 32 ಬಿಟ್‌ನ ಡ್ರೈವರ್ ಅದರಲ್ಲಿ ಕೂರುವುದೂ ಇಲ್ಲ.

ಆಸ್ತಿ ನೋಂದಣಿಯ ಸರ್ಕಾರಿ ತಾಣವಾದ ಕಾವೇರಿ 2.0ರಲ್ಲಿ ಒಬ್ಬರ ಕ್ರಯಪತ್ರದ ನೋಂದಣಿಗೆ ಮರುದಿನ ಬೆಳಿಗ್ಗೆ ಸ್ಲಾಟ್ ಸಿಕ್ಕಿತ್ತು. ಮಾರುವವರು ಒಂದು ಊರಿನಿಂದ, ಕೊಳ್ಳುವವರು ಇನ್ನೊಂದು ಊರಿನಿಂದ ಬರುವವರು. ಸ್ಲಾಟ್ ತಪ್ಪಿದರೆ ಅವರನ್ನೆಲ್ಲ ಮತ್ತೆ ಒಂದೆಡೆ ಸೇರಿಸುವುದು ಎಂಥ ಪಾಡೆಂದು ಈ ಕೆಲಸದಲ್ಲಿರುವವರಿಗೆ ನಾನು ವಿವರಿಸಬೇಕಿಲ್ಲ. ಕೇಬಲ್ ಸಿಕ್ಕಿಸಿದೆ, ಪ್ರಿಂಟರಿನ ದೀಪ ಹತ್ತಿತು, ಆದರೆ ಲ್ಯಾಪ್‌ಟಾಪಿನ ಡಿವೈಸ್ ಮ್ಯಾನೇಜರಿನಲ್ಲಿ ಅದರ ಹೆಸರಿನ ಪಕ್ಕ ಹಳದಿ ತ್ರಿಕೋನ ಕುಳಿತಿತು. ಪ್ರಿಂಟರಿನ ಹೆಸರು ಬರೆದು ‘ಡ್ರೈವರ್’ ಎಂದು ಸೇರಿಸಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು ಒಂದು ಜಾಹೀರಾತು. ಅದು ಜಾಹೀರಾತೆಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅವಸರದಲ್ಲಿರುವವರ ಕಣ್ಣು ಅಲ್ಲಿಗೆ ಹೋಗುವುದಿಲ್ಲ.

ಆ ತಾಣದಲ್ಲಿ ಪ್ರಿಂಟರಿನ ಮಾದರಿಯ ಸಂಖ್ಯೆ ಕೇಳಿದರು, ತುಂಬಿದೆ. ಹೆಸರು ಮತ್ತು ಮೊಬೈಲ್ ಸಂಖ್ಯೆಯನ್ನೂ ಕೇಳಿದರು. ಡ್ರೈವರ್ ಇಳಿಸಲು ಮೊಬೈಲ್ ಸಂಖ್ಯೆ ಏಕೆ ಬೇಕು ಎಂಬ ಪ್ರಶ್ನೆಗೆ ಆ ತಾಣವನ್ನು ಕಟ್ಟಿದವರೇ ಉತ್ತರ ಕೊಡಬೇಕು. ಒಂದು ಹಸಿರು ಪಟ್ಟಿ ನಿಧಾನವಾಗಿ ತುಂಬುತ್ತಾ ಹೋಗಿ, ಮುಕ್ಕಾಲು ಪಾಲು ದಾಟಿದ ಮೇಲೆ ಕೆಂಪಾಗಿ ನಿಂತುಬಿಟ್ಟಿತು. ಕೆಳಗೆ ಯಾವುದೋ ದೋಷ ಸಂಖ್ಯೆ, ಅದರ ಕೆಳಗೆ 1800ರಿಂದ ಆರಂಭವಾಗುವ ದೂರವಾಣಿ ಸಂಖ್ಯೆ. ಆಮೇಲೆ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿದರೆ ಆ ತಾಣದಿಂದ ಇಳಿದ ಒಂದೇ ಒಂದು ಫೈಲೂ ಇರಲಿಲ್ಲ. ಆ ಹಸಿರು ಪಟ್ಟಿ ಬ್ರೌಸರಿನ ಪುಟದೊಳಗೆ ಓಡಿಸಿದ ಬರಿಯ ಚಿತ್ರ. ಅಲ್ಲಿ ಇನ್‌ಸ್ಟಾಲ್ ಆಗುವಂಥದ್ದು ಏನೂ ಇರಲಿಲ್ಲ, ಆದ್ದರಿಂದ ವಿಫಲವಾಗುವಂಥದ್ದೂ ಇರಲಿಲ್ಲ. ಯಾರೇ ಬಂದು ಯಾವುದೇ ಪ್ರಿಂಟರಿನ ಹೆಸರು ತುಂಬಿದರೂ ಅದು ಅಲ್ಲಿಯೇ ಕೆಂಪಾಗಿ ನಿಲ್ಲುತ್ತದೆ. ನಾವು ಫೋನ್ ಮಾಡಲೆಂದೇ ನಿಲ್ಲುತ್ತದೆ.

ಕರೆ ತೆಗೆದವನು ಮೊದಲು ಹಿಂದಿಯಲ್ಲಿ ಮಾತನಾಡಿ, ನಾನು ಕನ್ನಡವೆಂದ ಕೂಡಲೇ ಇನ್ನೊಬ್ಬನಿಗೆ ಕೊಟ್ಟ. ಆ ಎರಡನೆಯವನದು ಬಹಳ ಮೃದುವಾದ ಮಾತು. “ಚಿಂತೆ ಮಾಡ್ಬೇಡಿ ಸರ್, ಹಳೇ ಪ್ರಿಂಟರ್ ಎಲ್ಲರಿಗೂ ಇದೇ ಪ್ರಾಬ್ಲಮ್, ನಾವೇ ಕನೆಕ್ಟ್ ಮಾಡಿ ಕೊಡ್ತೀವಿ” ಎಂದ. ದೂರದಿಂದ ಕಂಪ್ಯೂಟರನ್ನು ನಿಯಂತ್ರಿಸುವ ಒಂದು ತಂತ್ರಾಂಶವನ್ನು ಹಾಕಿಸಿದ, ಅದರಲ್ಲಿ ಬಂದ ಸಂಖ್ಯೆಯನ್ನು ಹೇಳಿಸಿಕೊಂಡ, ಬಾಣದ ಗುರುತು ತಾನಾಗಿಯೇ ಪರದೆಯ ಮೇಲೆ ಓಡಾಡತೊಡಗಿತು. ಕಂಪ್ಯೂಟರಿನಲ್ಲಿ ನಡೆಯುವುದನ್ನೆಲ್ಲ ದಾಖಲಿಸಿ ತೋರಿಸುವ ಈವೆಂಟ್ ವ್ಯೂವರ್ ತೆರೆದು ಕೆಂಪು, ಹಳದಿ ಗುರುತುಗಳ ಉದ್ದನೆಯ ಸಾಲನ್ನು ತೋರಿಸಿ, “ನೋಡಿ ಸರ್, ಎಷ್ಟು ಎರರ್ ಇದೆ, ಪ್ರಿಂಟರ್ ಕೂರೋದಾದ್ರೂ ಹೇಗೆ?” ಎಂದು ಕೇಳಿದ. ಅನಂತರ ಕಪ್ಪು ಕಿಟಕಿಯೊಂದನ್ನು ತೆರೆದು ಏನೋ ಬರೆದ, ಸಾಲುಗಳು ಸರಸರನೆ ಮೇಲಕ್ಕೆ ಹರಿದವು, ಅದಕ್ಕೆ ಸ್ಕ್ಯಾನಿಂಗ್ ಎಂದು ಹೆಸರು ಕೊಟ್ಟ. ಇವೆರಡರ ಗುಟ್ಟು ತಿಳಿದದ್ದು ಆಮೇಲೆ. ಅಂಗಡಿಯಿಂದ ತಂದ ಹೊಚ್ಚ ಹೊಸ ಕಂಪ್ಯೂಟರಿನಲ್ಲೂ ಈವೆಂಟ್ ವ್ಯೂವರ್ ಇಂಥ ಗುರುತುಗಳನ್ನು ತೋರಿಸುತ್ತಲೇ ಇರುತ್ತದೆ. ಅವನು ಬೆರಳಿಟ್ಟು ತೋರಿಸಿದ 10016 ಎಂಬ ಎಚ್ಚರಿಕೆಯನ್ನು ನಿರ್ಲಕ್ಷಿಸಬಹುದೆಂದು ಸ್ವತಃ ಮೈಕ್ರೋಸಾಫ್ಟ್ ಹೇಳಿದೆ. ಕಪ್ಪು ಕಿಟಕಿಯಲ್ಲಿ ಓಡಿದ್ದು ‘ಟ್ರೀ’ ಎಂಬ ಆದೇಶ, ಅದು ಫೋಲ್ಡರುಗಳ ಹೆಸರನ್ನು ಸಾಲಾಗಿ ಬರೆಯುತ್ತದೆ, ಅಷ್ಟೆ.

ಶುಲ್ಕ 4,999 ರೂಪಾಯಿ ಎಂದ. ಒಂದು ಪ್ರಿಂಟರ್ ಕೂರಿಸಲು ಅಷ್ಟೇಕೆಂದು ಕೇಳಿದ್ದಕ್ಕೆ, “ವಿಂಡೋಸ್ 11ರಲ್ಲಿ ಹಳೇ ಪ್ರಿಂಟರ್‌ಗೆ ಲೈಸೆನ್ಸ್ ತಗೋಬೇಕು ಸರ್, ಅದು ಗವರ್ನಮೆಂಟ್ ರೂಲ್” ಎಂದ. ಹಾಗೊಂದು ಲೈಸೆನ್ಸ್ ಇಲ್ಲ. ಯಾವ ಸರ್ಕಾರದ ನಿಯಮವೂ ಇಲ್ಲ. ಪ್ರಿಂಟರಿನ ಡ್ರೈವರನ್ನು ತಯಾರಕರು ತಮ್ಮ ತಾಣದಲ್ಲಿ ಬಿಟ್ಟಿಯಾಗಿಯೇ ಇಟ್ಟಿರುತ್ತಾರೆ. ಚೌಕಾಸಿಯ ನಂತರ 2,500ಕ್ಕೆ ಇಳಿದು, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿಸಿ 2,950 ಎಂದ. ಯುಪಿಐ ಮೂಲಕ ಕಳುಹಿಸಿದೆ. ಪಾವತಿಯ ಪರದೆಯ ಮೇಲೆ ಬಂದದ್ದು ಯಾವುದೋ ವ್ಯಕ್ತಿಯ ಹೆಸರು, ಸಂಸ್ಥೆಯದಲ್ಲ. “ಅದು ನಮ್ಮ ಅಕೌಂಟೆಂಟ್ ಸರ್” ಎಂದು ಬಾಯಿ ತೆರೆಯುವ ಮೊದಲೇ ಉತ್ತರ ಬಂತು. ಅವರು ಕಳುಹಿಸಿದ ರಸೀದಿಯಲ್ಲಿ ಜಿಎಸ್‌ಟಿ ಮೊತ್ತವಿತ್ತು, ಆದರೆ ಹದಿನೈದು ಅಕ್ಷರಗಳ ಜಿಎಸ್‌ಟಿ ನೋಂದಣಿ ಸಂಖ್ಯೆ ಇರಲಿಲ್ಲ, ವಿಳಾಸವೂ ಇರಲಿಲ್ಲ. ಅದರ ಬಗ್ಗೆ ಕೇಳಿದಾಗ, “ಅದು ಮೇಲ್‌ನಲ್ಲಿ ಬರುತ್ತೆ ಸರ್” ಎಂದ. ಆ ಮೇಲ್ ಇಂದಿನವರೆಗೆ ಬಂದಿಲ್ಲ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಹಣ ಹೋದ ಮೇಲೆ ಅವನು ಕೆಲವು ಕಿಟಕಿಗಳನ್ನು ತೆರೆದು ಮುಚ್ಚಿ, “ಆಯ್ತು ಸರ್, ಇನ್‌ಸ್ಟಾಲ್ ಆಯ್ತು, ನೋಡಿ” ಎಂದ. ನೋಡಿದೆ. ಪ್ರಿಂಟರುಗಳ ಪಟ್ಟಿಯಲ್ಲಿ ನನ್ನ ಪ್ರಿಂಟರಿನ ಹೆಸರು ಸಂಖ್ಯೆಯ ಸಮೇತ ಬಂದಿತ್ತು. ಪಕ್ಕದಲ್ಲಿ ಸಿದ್ಧವಾಗಿದೆ ಎಂದೂ ಇತ್ತು. ಪ್ರಿಂಟ್ ಕೊಟ್ಟರೆ ಕಾಗದ ಕದಲಲಿಲ್ಲ. ಮತ್ತೆ ಕೊಟ್ಟೆ, ಕದಲಲಿಲ್ಲ. ಪ್ರಿಂಟರಿನ ದೀಪ ಒಂದು ಸಲ ಮಿನುಗಲೂ ಇಲ್ಲ. ಅದಕ್ಕೆ ಅವನ ಉತ್ತರವೇನು ಗೊತ್ತೇ? “ಸಾಫ್ಟ್‌ವೇರ್ ನಮ್ಮ ಕಡೆಯಿಂದ ಓಕೆ ಸರ್. ನಿಮ್ಮ ಪ್ರಿಂಟರ್ ಬೋರ್ಡ್ ಹೋಗಿದೆ. ಎಕ್ಸ್‌ಚೇಂಜ್‌ನಲ್ಲಿ ಹೊಸದು ಕೊಡಿಸ್ತೀವಿ, ಅಡ್ವಾನ್ಸ್ ಹಾಕಿ.” ಅದೇ ದಿನ ಬೆಳಿಗ್ಗೆ ಹಳೆಯ ಕಂಪ್ಯೂಟರಿನಿಂದ ಎಂಟು ಹಾಳೆಯ ವಿಭಾಗಪತ್ರವನ್ನು ಮುದ್ರಿಸಿದ್ದ ಪ್ರಿಂಟರದು! ಹಾಗೆಂದು ಹೇಳಿದ್ದಕ್ಕೆ, “ಬೆಳಿಗ್ಗೆ ಸರಿ ಇತ್ತು ಸರ್, ಈಗ ಹೋಗಿದೆ” ಎಂದ. ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ಅವನು ಮಾಡಿದ್ದೇನೆಂದು ಹೊರಗೆಡಹಿದವಳು ನಮ್ಮಲ್ಲಿ ಟೈಪಿಂಗ್ ಮಾಡುವ ಹುಡುಗಿ. “ಅಣ್ಣಾ, ಒಂದ್ನಿಮಿಷ ಇರಿ” ಎಂದು ಪ್ರಿಂಟರ್ ಪ್ರಾಪರ್ಟೀಸ್ ತೆರೆದು, ಪೋರ್ಟ್ಸ್ ಎಂಬಲ್ಲಿ ಒತ್ತಿದಳು. ಗುರುತು ಬಿದ್ದಿದ್ದದ್ದು ಎಲ್‌ಪಿಟಿ 1 ಎಂಬುದರ ಮುಂದೆ. ಎಲ್‌ಪಿಟಿ ಎಂದರೆ ಹಿಂದಿನ ಕಾಲದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಿಗೆ ಹಾಕುತ್ತಿದ್ದ, ಹಲವು ಪಿನ್ನುಗಳ ಅಗಲವಾದ ಕಿಂಡಿ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಕಿಂಡಿಯೇ ಇಲ್ಲ. ಪಕ್ಕದ ಅಡ್ವಾನ್ಸ್ಡ್ ಎಂಬಲ್ಲಿ ಡ್ರೈವರಿನ ಹೆಸರು ‘ಜೆನೆರಿಕ್ / ಟೆಕ್ಸ್ಟ್ ಓನ್ಲಿ’ ಎಂದಿತ್ತು. ಅದು ವಿಂಡೋಸಿನೊಳಗೆ ಮೊದಲಿನಿಂದಲೂ ಇರುವ ಒಂದು ಸಾಮಾನ್ಯ ಡ್ರೈವರ್, ಪ್ರಿಂಟರಿಗೆ ಬರಿಯ ಅಕ್ಷರಗಳನ್ನು ಕಳುಹಿಸುವಂಥದ್ದು. ಅದನ್ನೇ ಸೇರಿಸಿ, ಹೆಸರು ಬರೆಯುವ ಜಾಗದಲ್ಲಿ ನನ್ನ ಪ್ರಿಂಟರಿನ ಹೆಸರನ್ನು ಟೈಪ್ ಮಾಡಿಬಿಟ್ಟಿದ್ದ. ಬೇರೆಯವರ ಸರ್ವೆ ನಂಬರಿಗೆ ನನ್ನ ಚಕ್ಕುಬಂದಿ ಬರೆದು ಕ್ರಯ ಮಾಡಿಕೊಟ್ಟಂತೆ. ಎಲ್‌ಬಿಪಿ 2900 ಹೇಗೂ ಬರಿಯ ಅಕ್ಷರ ಕಳುಹಿಸಿದರೆ ಮುದ್ರಿಸುವ ಯಂತ್ರವಲ್ಲ. ಪುಟದ ಚಿತ್ರವನ್ನು ಕಂಪ್ಯೂಟರೇ ಸಿದ್ಧಪಡಿಸಿ ಅದರದೇ ಭಾಷೆಯಲ್ಲಿ ಕಳುಹಿಸಬೇಕು, ಆ ಕೆಲಸ ಮಾಡುವುದು ತಯಾರಕರ ಕ್ಯಾಪ್ಟ್ ಎಂಬ ಡ್ರೈವರ್ ಮಾತ್ರ. ಇದು ಅವನಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಇಲ್ಲದ ಕಿಂಡಿಗೆ ಸಲ್ಲದ ಡ್ರೈವರ್ ಜೋಡಿಸಿ, ಪಟ್ಟಿಯಲ್ಲಿ ಹೆಸರು ಕಾಣುವಂತೆ ಮಾಡಿ, ಕೊನೆಗೆ ಪ್ರಿಂಟರೇ ಕೆಟ್ಟಿದೆ ಎಂದು ನನಗೇ ಹೇಳಿದನಲ್ಲ! ದಿನವೂ ಹತ್ತಾರು ಪತ್ರಗಳ ಚಕ್ಕುಬಂದಿಯನ್ನು ತಾಳೆ ನೋಡುವವನ ಎದುರಿಗೆ ಕುಳಿತು, ನೋಡನೋಡುತ್ತಿದ್ದಂತೆ ಸುಳ್ಳು ಹೆಸರು ಟೈಪ್ ಮಾಡಿದನಲ್ಲ! ಆ ಹುಡುಗಿಯ ಮುಂದೆ ನನಗೆ ತಲೆಯೆತ್ತಲು ಆಗಲಿಲ್ಲ.

ಮತ್ತೆ ಕರೆ ಮಾಡಿ ಎಲ್‌ಪಿಟಿಯ ವಿಷಯ ಎತ್ತಿದೊಡನೆ ಅವನ ಮೃದು ದನಿ ಮಾಯವಾಯಿತು. “ಟೆಕ್ನಿಕಲ್ ವಿಷಯ ನಿಮಗೆ ಅರ್ಥ ಆಗಲ್ಲ ಸರ್” ಎಂದು ಫೋನ್ ಇಟ್ಟ. ಸಂಜೆ ಬೇರೊಂದು ಮೊಬೈಲ್ ಸಂಖ್ಯೆಯಿಂದ, ಈ ಬಾರಿ ಹೆಂಗಸೊಬ್ಬರು, ಹಣ ವಾಪಸು ಕೊಡುತ್ತೇವೆ, ಕಳುಹಿಸಿರುವ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರು. ಸ್ಕ್ಯಾನ್ ಮಾಡಿದರೆ ಫೋನಿನಲ್ಲಿ ‘2,950 ಪಾವತಿಸಿ’ ಎಂದು ಬಂತು. ಹಣ ಬರಲು ಪಿನ್ ಬೇಕಾಗುವುದೇ ಇಲ್ಲ, ಪಿನ್ ಬೇಕಾಗುವುದು ಹಣ ಹೋಗಲು. ಒಮ್ಮೆ ದೋಚಿದವನನ್ನು ಅದೇ ದಿನ ಇನ್ನೊಮ್ಮೆ ದೋಚಲು ಹೊರಟ ಇವರಿಗೆ ನಾಚಿಕೆ ಎಂಬುದು ಇದೆಯೇ? “ರಿಫಂಡ್ ಬೇಡ್ವಾ ಸರ್, ಆಮೇಲೆ ನಮ್ಮನ್ನ ಕೇಳ್ಬೇಡಿ” ಎಂದು ಆಕೆ ನನ್ನನ್ನೇ ಗದರಿದರು.

ಆ ರಾತ್ರಿ ಕ್ರಯಪತ್ರವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿದೆ. ನೋಂದಣಿ ನಡೆಯಿತು. ಆದರೆ ನಿಜವಾದ ಸಂಕಟ ಹಣದ್ದಲ್ಲ. ಅವರ ಕೈಗೆ ಸಿಕ್ಕಿದ್ದ ಲ್ಯಾಪ್‌ಟಾಪಿನಲ್ಲಿ ನನ್ನ ಕಕ್ಷಿದಾರರ ಆಧಾರ್, ಪ್ಯಾನ್ ಪ್ರತಿಗಳಿದ್ದವು. ಅವರು ಏನನ್ನು ನಕಲು ಮಾಡಿಕೊಂಡರೋ, ಬಿಟ್ಟರೋ ತಿಳಿಯುವ ಬಗೆಯಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ, ಹೀಗೆ ಹೀಗೆ ಆಗಿದೆ, ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ, ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದರೆ ಏನನ್ನೂ ಹೇಳಬೇಡಿ ಎಂದು ವಿವರಿಸಬೇಕಾಯಿತು. ಹಾರನಹಳ್ಳಿ ಕಡೆಯ ಹಿರಿಯರೊಬ್ಬರು ಎಲ್ಲವನ್ನೂ ಸಾವಧಾನವಾಗಿ ಕೇಳಿ, “ಅಲ್ಲ ಸ್ವಾಮಿ, ನಮ್ ಪಾಣಿಗೇನೂ ಆಗಕಿಲ್ವಲ್ಲ?” ಎಂದಾಗ ನನ್ನ ಬಳಿ ಉತ್ತರವಿರಲಿಲ್ಲ.

ಪ್ರಿಂಟರ್ ಸರಿಹೋದ ಬಗೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದೇ ಯಂತ್ರ ಇರುವವರು ಬಹಳ ಮಂದಿ. ಮೊದಲು ವೈಫೈ ಆರಿಸಿ, ಅವರು ಹಾಕಿಸಿದ್ದ ದೂರನಿಯಂತ್ರಣದ ತಂತ್ರಾಂಶವನ್ನು ಅಳಿಸಿದೆವು. ಬೇರೊಂದು ಫೋನಿನಿಂದ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡುಗಳನ್ನು ಬದಲಿಸಿದೆ. ಅನಂತರ ಆ ಸುಳ್ಳು ಪ್ರಿಂಟರನ್ನು ಪಟ್ಟಿಯಿಂದ ತೆಗೆದು, ಪ್ರಿಂಟ್ ಸರ್ವರ್ ಪ್ರಾಪರ್ಟೀಸಿಗೆ ಹೋಗಿ ಅದರ ಡ್ರೈವರನ್ನೂ ತೆಗೆದೆವು. ತಯಾರಕರ ಭಾರತದ ತಾಣದ ವಿಳಾಸವನ್ನು ಹುಡುಗಿ ತಾನೇ ಟೈಪ್ ಮಾಡಿ ಒಳಹೊಕ್ಕು, ಸಪೋರ್ಟ್ ವಿಭಾಗದಿಂದ 64 ಬಿಟ್‌ನ ಡ್ರೈವರ್ ಇಳಿಸಿದಳು. ಯಾರೂ ಮೊಬೈಲ್ ಸಂಖ್ಯೆ ಕೇಳಲಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ: ಯುಎಸ್‌ಬಿ ಕೇಬಲ್ಲನ್ನು ಮೊದಲೇ ಸಿಕ್ಕಿಸಿರಬಾರದು. ಸೆಟಪ್ ಆರಂಭಿಸಿ, ಯುಎಸ್‌ಬಿ ಮೂಲಕ ಎಂಬುದನ್ನು ಆರಿಸಿಕೊಂಡು, ಅದು ಪ್ರಿಂಟರ್ ಜೋಡಿಸಿ ಎಂದು ಕೇಳಿದ ಮೇಲೆಯೇ ಕೇಬಲ್ ಸಿಕ್ಕಿಸಿ ಸ್ವಿಚ್ ಹಾಕಬೇಕು. ಕೇಬಲ್ ನೇರವಾಗಿ ಲ್ಯಾಪ್‌ಟಾಪಿಗೇ ಹೋಗಲಿ, ನಡುವೆ ಹಬ್ ಬೇಡ. ಪೋರ್ಟ್ಸ್‌ನಲ್ಲಿ ಯುಎಸ್‌ಬಿ 001 ಎಂದು ಬಂತು, ‘ಬೋರ್ಡ್ ಹೋದ’ ಪ್ರಿಂಟರ್ ಗರಗರ ಸದ್ದು ಮಾಡಿ ಹಾಳೆಯನ್ನು ಹೊರಹಾಕಿತು. ಒಂದು ಪೈಸೆಯೂ ಖರ್ಚಾಗಲಿಲ್ಲ.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಸೆಟ್ಟಿಂಗ್ಸ್‌ನ ‘ಅಬೌಟ್’ನಲ್ಲಿ ಪ್ರೊಸೆಸರ್ ಎಕ್ಸ್64 ಎಂದಿದೆಯೇ, ಆರ್ಮ್ ಎಂದಿದೆಯೇ ನೋಡಿಕೊಳ್ಳಲಿ. ಆರ್ಮ್ ಆಗಿದ್ದರೆ ಎಕ್ಸ್64ಕ್ಕೆಂದು ಬರೆದ ಡ್ರೈವರ್ ಅದರಲ್ಲಿ ಕೂರುವುದಿಲ್ಲ, ಅನೇಕ ಹಳೆಯ ಪ್ರಿಂಟರುಗಳಿಗೆ ಆರ್ಮ್ ಡ್ರೈವರೇ ಸಿಗುವುದಿಲ್ಲ. ಅದನ್ನು ಅಂಗಡಿಯಲ್ಲಿಯೇ ಕೇಳಿ. ಫೋನಿನಲ್ಲಿ ಮೃದುವಾಗಿ ಮಾತನಾಡುವವರನ್ನು ಕೇಳಬೇಡಿ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ, ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲಿನಲ್ಲೂ ರಸೀದಿ, ಯುಪಿಐ ವಹಿವಾಟಿನ ಸಂಖ್ಯೆ, ಕರೆ ಬಂದ ಮೊಬೈಲ್ ಸಂಖ್ಯೆಗಳನ್ನೆಲ್ಲ ಸೇರಿಸಿದ್ದೇನೆ. ಹಣ ಹೋದ ಕೂಡಲೇ ಕರೆ ಮಾಡಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚಂತೆ. ಅವರ ‘ಅಕೌಂಟೆಂಟ್’ ಹೆಸರನ್ನು ನೋಡಿದ ಕ್ಷಣದಲ್ಲೇ ನಾನು ಕರೆ ಮಾಡಬಹುದಿತ್ತು. ಆ ಜಾಹೀರಾತಿನ ಬಗ್ಗೆಯೂ ವರದಿ ಮಾಡಿದೆ. ನಿನ್ನೆ ಮತ್ತೆ ಅದೇ ಪ್ರಿಂಟರಿನ ಹೆಸರು ಹಾಕಿ ಹುಡುಕಿದೆ. ತಾಣದ ಹೆಸರಿನಲ್ಲಿ ಒಂದು ಅಕ್ಷರ ಬದಲಾಗಿದೆ, ಪುಟ ಅದೇ, ಹಸಿರು ಪಟ್ಟಿ ಅದೇ, ಕೊನೆಯಲ್ಲಿ ಬರುವ 1800 ಸಂಖ್ಯೆ ಮಾತ್ರ ಬೇರೆ.