ಹಿಂದೆ ಹೋಗು ಅಂದರೆ ಹಟ ಹಿಡಿಯುವ ದೋಣಿ ಟ್ರೈಲರ್: ಮೂರು ಮಳೆಗಾಲದ ಅನುಭವ

ನಮ್ಮದು ದೋಣಿ ಒಂದು, ನೀರು ಎರಡು ಕಡೆ. ಭಾಲ್ಕಿ ಬದಿಯ ಕಾರಂಜಾ ಜಲಾಶಯ, ಕಲಬುರಗಿ ಬದಿಯ ಬೆಣ್ಣೆತೊರಾ ಜಲಾಶಯ. ನಾನೂ ನನ್ನ ಭಾವನೂ ಮೀನಿನ ವ್ಯವಹಾರದಲ್ಲಿದ್ದೇವೆ, ಮನೆ ಹುಮನಾಬಾದಿನಲ್ಲಿ. ನಮ್ಮ ಕಡೆ ಎಷ್ಟೋ ಜನ ಥರ್ಮಾಕೋಲ್ ತೆಪ್ಪದ ಮೇಲೆ ಕೂತೇ ಬಲೆ ಬಿಡುತ್ತಾರೆ. ನಮಗೆ ಸ್ವಲ್ಪ ದೊಡ್ಡ ಆಸೆ. ಹೈದರಾಬಾದ್ ಕಡೆಯಿಂದ ಹದಿನಾರು ಅಡಿಯ ಫೈಬರ್ ದೋಣಿ ತಂದೆವು. ಅದರ ಜೊತೆಗೇ ಎರಡು ಗಾಲಿಯ ಈ ಹಳೆಯ ಟ್ರೈಲರ್ ಬಂತು. ಮುಂದೆ ಎಳೆಯುವುದು ನಮ್ಮ ಬೊಲೆರೊ.

ಮಾರಿದವರು ಹೇಳಿದ್ದು ಒಂದೇ ಮಾತು: "ಇದಕ್ಕೆ ಬ್ರೇಕ್ ಇದೆ ಸಾಬ್, ಬೇರೆಯವುಗಳಿಗೆ ಇರಲ್ಲ." ಹೇಳದೇ ಬಿಟ್ಟ ಮಾತು ತಿಳಿಯಲು ನಮಗೆ ಒಂದು ವರ್ಷ ಹಿಡಿಯಿತು.

ಮೊದಲ ವಾರವೇ ತೊಂದರೆ ಶುರು. ಮನೆಯ ಅಂಗಳ ರಸ್ತೆಗಿಂತ ಎರಡು ಅಡಿ ಮೇಲಿದೆ. ರಿವರ್ಸ್ ಹಾಕಿ ಟ್ರೈಲರ್ ಒಳಗೆ ಹತ್ತಿಸಲು ಹೋದರೆ ಎರಡೂ ಗಾಲಿ ಗಪ್ಪನೆ ಹಿಡಿದುಕೊಂಡವು. ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ. ಟೈರು ತಿರುಗದೆ ಮಣ್ಣಿನಲ್ಲಿ ಗೀರು ಎಳೆಯಿತು. ಭಾವ ಕೆಳಗಿಳಿದು ನೋಡಿ, "ಗಾಲಿ ತಿರಗವಲ್ದು ನೋಡು, ಒಳಗ ಏನೋ ಸಿಕ್ಕೊಂಡದ" ಅಂದ.

ತಲೆ ಕೆಡಿಸಿದ ವಿಷಯ ಇನ್ನೊಂದು. ಕಾರಂಜಾ ದಂಡೆಯಲ್ಲಿ ಅದೇ ಟ್ರೈಲರ್ ಇಳಿಜಾರಿನಲ್ಲಿ ಹಿಂದೆ ಹಿಂದೆ ಸಲೀಸಾಗಿ ನೀರಿಗೆ ಇಳಿಯುತ್ತಿತ್ತು! ದಂಡೆಯಲ್ಲಿ ಸರಿ, ಮನೆಯಲ್ಲಿ ಸತ್ಯಾಗ್ರಹ. ನೀರು ಕುಡಿದ ಮೇಲೆ ಬ್ರೇಕ್ ಕೆಡುತ್ತಿರಬೇಕು ಅಂತ ನಾವೇ ಒಂದು ಸಿದ್ಧಾಂತ ಕಟ್ಟಿಕೊಂಡೆವು. ಅದು ಪೂರ್ತಿ ತಪ್ಪು.

ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆವು. ಅವರು ಬ್ರೇಕ್ ಆಯಿಲ್ ಕಡಿಮೆ ಇದೆ ಅಂತ ಕೈಗೆ ಸಿಕ್ಕ ಆಯಿಲ್ ಸುರಿದರು. ಅದು ಇಂಜಿನ್ ಆಯಿಲ್. ತಿಂಗಳೊಳಗೆ ಮುಂದೆ ಹೋಗುವಾಗಲೂ ಬ್ರೇಕ್ ಬಿಡದ ಹಾಗಾಯಿತು. ಗಾಲಿಯ ಬ್ರೇಕ್ ಡ್ರಮ್ ಮುಟ್ಟಿದರೆ ಕೈ ಸುಡುತ್ತಿತ್ತು.

ಕೊನೆಗೆ ಹೆದ್ದಾರಿ ಬದಿಯಲ್ಲಿ ಲಾರಿ ರಿಪೇರಿ ಮಾಡುವ ಒಬ್ಬ ಹಿರಿಯ ಉಸ್ತಾದ್ ಸಿಕ್ಕರು. ಟ್ರೈಲರ್ ಸುತ್ತ ಒಂದು ಸುತ್ತು ಹಾಕಿ, ಮುಂದಿನ ಕೊಂಡಿಯನ್ನು ಕಾಲಿನಿಂದ ಒಳಗೆ ತಳ್ಳಿ ನೋಡಿ ನಕ್ಕರು. "ಹಿಂದಕ ಹಿಡಿಯೋದು ಕೆಟ್ಟಿದ್ದಕ್ಕಲ್ರಿ. ಇದರ ಸ್ವಭಾವಾನೇ ಹಿಂಗ."

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ಟ್ರೈಲರ್‌ನ ಬ್ರೇಕಿಗೂ ನಮ್ಮ ಬೊಲೆರೊ ಪೆಡಲ್ಲಿಗೂ ಸಂಬಂಧವೇ ಇಲ್ಲ. ಗಾಡಿ ನಿಧಾನವಾದಾಗ ಹಿಂದಿನ ಟ್ರೈಲರ್ ತನ್ನ ಭಾರಕ್ಕೆ ಮುಂದೆ ನುಗ್ಗುತ್ತದೆ. ಆಗ ಕೊಂಡಿಯ ಕಪ್ಲರ್ (ಗಾಡಿಗೆ ಸಿಕ್ಕಿಸುವ ತುದಿ) ಒಳಗೆ ಜಾರಿ ಮಾಸ್ಟರ್ ಸಿಲಿಂಡರನ್ನು, ಅಂದರೆ ಬ್ರೇಕ್ ಆಯಿಲ್ ತಳ್ಳುವ ಪಂಪನ್ನು, ಒತ್ತುತ್ತದೆ, ಆಯಿಲ್ ಗಾಲಿಗೆ ಹೋಗಿ ಬ್ರೇಕ್ ಹಿಡಿಯುತ್ತದೆ. ಉಪಾಯ ಚೆನ್ನಾಗಿದೆ, ಅಲ್ವಾ? ಆದರೆ ರಿವರ್ಸ್ ಹೋಗುವಾಗ ಗಾಡಿಯೇ ಕೊಂಡಿಯನ್ನು ಹಿಂದಕ್ಕೆ ತಳ್ಳುತ್ತದೆ. ಕಪ್ಲರ್ ಮತ್ತೆ ಒಳಗೆ ಜಾರುತ್ತದೆ. ಪಾಪ, ಅದಕ್ಕೆ ಯಾರು ತಳ್ಳಿದರು ಅಂತ ಹೇಗೆ ಗೊತ್ತಾಗಬೇಕು? ಇಳಿಜಾರಿನಲ್ಲಿ ಹಿಂದೆ ಇಳಿಯುವಾಗ ಟ್ರೈಲರೇ ಗಾಡಿಯನ್ನು ಎಳೆಯುತ್ತದೆ, ಕಪ್ಲರ್ ಹೊರಗೇ ಇರುತ್ತದೆ. ಹಾಗಾಗಿ ದಂಡೆಯಲ್ಲಿ ಸಮಸ್ಯೆ ಇಲ್ಲ. ಏರಿನಲ್ಲಿ, ಮೆತ್ತನೆ ಎರೆ ಮಣ್ಣಿನಲ್ಲಿ ಹಿಡಿಯುತ್ತದೆ.

ಇದಕ್ಕೆ ತಯಾರಕರು ಮೂರು ದಾರಿ ಇಟ್ಟಿರುತ್ತಾರೆ. ಕೆಲವು ಡ್ರಮ್ ಬ್ರೇಕುಗಳಲ್ಲಿ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂಗಳ ಜೋಡಣೆಯೇ ಬೇರೆ. ಗಾಲಿ ಹಿಂದಕ್ಕೆ ತಿರುಗಿದರೆ ಹಿಡಿತ ತಾನಾಗಿ ಸಡಿಲವಾಗುತ್ತದೆ. ಇನ್ನು ಕೆಲವಕ್ಕೆ ಕಪ್ಲರ್ ಒಳಗೆ ಜಾರದಂತೆ ಅಡ್ಡ ಹಾಕುವ ಒಂದು ಪಿನ್. ಮೂರನೆಯದು ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಕೆಲಸ ಮಾಡುವ ವಾಲ್ವ್: ರಿವರ್ಸ್ ಗೇರ್ ಹಾಕಿದ ಕೂಡಲೇ ರಿವರ್ಸ್ ಲೈಟಿನ ಕರೆಂಟ್ ಅದಕ್ಕೆ ಹೋಗಿ ಆಯಿಲ್ ದಾರಿ ಮುಚ್ಚುತ್ತದೆ. ಡಿಸ್ಕ್ ಬ್ರೇಕ್ ಇರುವ ಟ್ರೈಲರ್‌ಗಳಿಗೆ ಮೊದಲನೆಯ ದಾರಿ ಇಲ್ಲ, ಸೊಲೆನಾಯ್ಡೋ ಪಿನ್ನೋ ಬೇಕೇ ಬೇಕು.

ನಮ್ಮದರಲ್ಲಿ ಸೊಲೆನಾಯ್ಡ್ ಇತ್ತು. ಅದರ ವೈರು ಎಲ್ಲಿಗೂ ಹೋಗಿರಲಿಲ್ಲ! ಇಂಡಿಕೇಟರ್, ಬ್ರೇಕ್ ಲೈಟ್ ಎಲ್ಲ ಜೋಡಿಸಿ, ಈ ಒಂದು ನೀಲಿ ವೈರನ್ನು ಟೇಪ್ ಸುತ್ತಿ ಬಿಟ್ಟಿದ್ದರು. ಉಸ್ತಾದ್ ಅದನ್ನು ರಿವರ್ಸ್ ಲೈಟಿನ ವೈರಿಗೆ ಸೇರಿಸಿ, ಇಂಜಿನ್ ಆಫ್ ಇಟ್ಟು ಕೀ ತಿರುಗಿಸಿ ರಿವರ್ಸ್ ಗೇರ್ ಹಾಕಿಸಿದರು. ಕೊಂಡಿಯ ಹತ್ತಿರ "ಟಕ್" ಅಂತ ಸದ್ದು ಬಂತು. ಆ ಸದ್ದು ಬರದಿದ್ದರೆ ಮೊದಲು ಫ್ಯೂಸ್, ಆಮೇಲೆ ಅರ್ಥಿಂಗ್ ನೋಡಿ. ನಮ್ಮದರಲ್ಲಿ ಎರಡನೇ ಮಳೆಗಾಲಕ್ಕೆ ಅರ್ಥಿಂಗ್ ಬೋಲ್ಟ್ ತುಕ್ಕು ಹಿಡಿದು ಮತ್ತೆ ಅದೇ ಹಟ. ಸ್ಯಾಂಡ್‌ಪೇಪರ್ ಉಜ್ಜಿ ಗ್ರೀಸ್ ಹಚ್ಚಿದೆ, ಮುಗಿಯಿತು.

ವೈರ್ ಸರಿಯಿದ್ದೂ ಕೆಲವು ಸಲ ಹಿಡಿಯುತ್ತಿತ್ತು. ಬ್ರೇಕ್ ಹಾಕಿ ನಿಲ್ಲಿಸಿದ ಕೂಡಲೇ ರಿವರ್ಸ್ ಹಾಕಿದರೆ ಕಪ್ಲರ್ ಆಗಲೇ ಒಳಗಿರುತ್ತದೆ, ಆಯಿಲ್ ಗಾಲಿಯಲ್ಲೇ ಒತ್ತಡದಲ್ಲಿರುತ್ತದೆ. ಸೊಲೆನಾಯ್ಡ್ ಆ ಒತ್ತಡವನ್ನೇ ಒಳಗೆ ಬೀಗ ಹಾಕಿ ಕೂರಿಸಿಬಿಡುತ್ತದೆ. ಒಂದು ಅಡಿ ಮುಂದೆ ಎಳೆದು, ಆಮೇಲೆ ರಿವರ್ಸ್ ಹಾಕಿ. ಇದೊಂದು ಅಭ್ಯಾಸ ನನ್ನ ಅರ್ಧ ತಲೆನೋವು ಕಳೆಯಿತು.

ಇಂಜಿನ್ ಆಯಿಲ್ ಮಾಡಿದ ಹಾಳು ಮಾತ್ರ ದುಬಾರಿ. ಬ್ರೇಕಿನ ರಬ್ಬರು ಅದರಲ್ಲಿ ಊದಿಕೊಳ್ಳುತ್ತದೆ. ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ವಾಪಸ್ ಬರುವ ಸಣ್ಣ ತೂತನ್ನು ಊದಿದ ರಬ್ಬರು ಮುಚ್ಚಿಬಿಟ್ಟಿತ್ತು. ಮಾಸ್ಟರ್ ಸಿಲಿಂಡರ್, ಎರಡೂ ವೀಲ್ ಸಿಲಿಂಡರ್, ಹೋಸ್ ಪೈಪ್ ಎಲ್ಲ ಬದಲಾಯಿಸಬೇಕಾಯಿತು. ಈಗ ಡಾಟ್ 3 ಬ್ರೇಕ್ ಆಯಿಲ್ ಡಬ್ಬಿ ನನ್ನ ಸೀಟಿನ ಕೆಳಗೇ ಇರುತ್ತದೆ. ಯಾರ ಕೈಗೂ ಕೊಡಲ್ಲ.

ಆಗ ಕಲಿತ ಒಂದು ಪರೀಕ್ಷೆ. ಬ್ರೇಕ್ ಹಿಡಿದುಕೊಂಡೇ ಉಳಿದರೆ ಟ್ರೈಲರ್ ಉರುಳದಂತೆ ಇನ್ನೊಂದು ಗಾಲಿಗೆ ಕಲ್ಲು ಕೊಟ್ಟು, ಹಿಡಿದಿರುವ ಗಾಲಿಯನ್ನು ಜಾಕ್ ಮೇಲೆ ಎತ್ತಿ ಅದರ ಬ್ಲೀಡಿಂಗ್ ನಿಪ್ಪಲ್ (ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಗಾಲಿ ಬಿಟ್ಟರೆ ಒತ್ತಡ ವಾಪಸ್ ಹೋಗುತ್ತಿಲ್ಲ ಅಂತ ಅರ್ಥ: ಹೋಸ್ ಒಳಗೆ ಕುಸಿದಿರಬಹುದು ಅಥವಾ ಮಾಸ್ಟರ್ ಸಿಲಿಂಡರ್ ತೊಂದರೆ. ನಿಪ್ಪಲ್ ಬಿಟ್ಟರೂ ಗಾಲಿ ತಿರುಗದಿದ್ದರೆ ತೊಂದರೆ ಡ್ರಮ್ಮಿನೊಳಗೇ ಇದೆ. ತುಕ್ಕು, ಜಾಮ್ ಆದ ಶೂ, ಇಲ್ಲವೇ ಜಾಸ್ತಿ ಬಿಗಿ ಮಾಡಿದ ಅಡ್ಜಸ್ಟರ್ (ಶೂ ಮತ್ತು ಡ್ರಮ್ಮಿನ ನಡುವಿನ ಅಂತರ ಹೊಂದಿಸುವ ಭಾಗ). ನಮ್ಮ ಎರೆ ಮಣ್ಣು ಡ್ರಮ್ಮಿಗೆ ಹೊಕ್ಕು ಒಣಗಿದರೆ ಇಟ್ಟಿಗೆಯೇ ಸರಿ. ಅದಕ್ಕೇ ದಂಡೆಯಲ್ಲಿ ಗಾಲಿ ಓಡುವ ಜಾಗಕ್ಕೆ ಶಹಾಬಾದ್ ಕಲ್ಲಿನ ಚೂರುಗಳನ್ನು ಹಾಸಿದೆವು. ಈ ಖರ್ಚಿಗೆ ಮಾತ್ರ ನನಗೆ ಒಂದು ಪೈಸೆ ಬೇಜಾರಿಲ್ಲ.

ಇಷ್ಟೆಲ್ಲ ಬೈದೂ ಈ ಟ್ರೈಲರ್ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಬಹುದು. ಬೆಣ್ಣೆತೊರಾಗೆ ಹೋಗುವಾಗ ಕಮಲಾಪುರದ ಕಡೆ ಇಳಿಜಾರು, ತಿರುವು ಬರುತ್ತವೆ. ಹಿಂದೆ ದೋಣಿ, ಮೋಟಾರು, ಐಸ್ ಡಬ್ಬಿ, ಬಲೆ. ಬ್ರೇಕ್ ಇಲ್ಲದ ಬಾಡಿಗೆ ಟ್ರೈಲರ್ ಒಮ್ಮೆ ಒಯ್ದಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಆಗುತ್ತಿತ್ತು. ನಮ್ಮದು ಹಾಗಲ್ಲ, ಮೆತ್ತಗೆ ತಾನೇ ತಡೆದುಕೊಳ್ಳುತ್ತದೆ. ಕಮಲಾಪುರದಲ್ಲಿ ನಿಲ್ಲಿಸಿ ಎರಡೂ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡುತ್ತೇನೆ, ಒಂದು ಜಾಸ್ತಿ ಬಿಸಿ ಇದ್ದರೆ ಅದು ಹಿಡಿಯುತ್ತಿದೆ ಅಂತ ಲೆಕ್ಕ. ಭಾವ ಅಷ್ಟರಲ್ಲಿ ಕೆಂಪು ಬಾಳೆಹಣ್ಣು ಕೊಳ್ಳುತ್ತಾನೆ. ಜಲಾಶಯ ತಲುಪಿದ ಮೇಲೂ ಸ್ವಲ್ಪ ಹೊತ್ತು ಕಾಯುತ್ತೇವೆ. ಬಿಸಿ ಹಬ್ (ಗಾಲಿಯ ನಡುಭಾಗ) ತಣ್ಣೀರಿಗೆ ಇಳಿದರೆ ಸೀಲ್ ಮೂಲಕ ನೀರು ಒಳಗೆ ಎಳೆದುಕೊಳ್ಳುತ್ತದೆ, ಬೇರಿಂಗ್ ಹೋಗುತ್ತದೆ. ನಮ್ಮದು ಒಂದು ಹೋಗಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಅಂಕ ಮಾರುವಾಗ ಹೇಳದೇ ಇದ್ದಿದ್ದಕ್ಕೆ ಕಟ್.

ಪಿನ್ನನ್ನೂ ಇಟ್ಟುಕೊಂಡಿದ್ದೇನೆ, ವೈರು ಕೈಕೊಟ್ಟ ದಿನಕ್ಕೆ. ಆದರೆ ಪಿನ್ ಹಾಕಿ ಮರೆತು ರಸ್ತೆಗೆ ಇಳಿದರೆ ಟ್ರೈಲರಿಗೆ ಬ್ರೇಕೇ ಇರುವುದಿಲ್ಲ. ಭಾವ ಒಮ್ಮೆ ಹಾಗೇ ಹೊರಟಿದ್ದ, ಪುಣ್ಯಕ್ಕೆ ಪೆಟ್ರೋಲ್ ಬಂಕಿನಲ್ಲೇ ನೋಡಿದೆವು. ಈಗ ಅದಕ್ಕೆ ಉದ್ದನೆಯ ಕೆಂಪು ಬಟ್ಟೆ ಕಟ್ಟಿದೆ. ಪಿನ್ ತೆಗೆದ ಮೇಲೆ ಬಟ್ಟೆ ಸಮೇತ ಬೊಲೆರೊ ಒಳಗಿನ ಕನ್ನಡಿಗೆ ನೇತು ಹಾಕುತ್ತೇವೆ. ಆ ಬಟ್ಟೆ ಕನ್ನಡಿಯ ಕೆಳಗೆ ನೇತಾಡುವುದು ಕಂಡರೆ ಮಾತ್ರ ನಾನು ರಸ್ತೆಗೆ ಇಳಿಯಲು ಗೇರ್ ಹಾಕುವುದು.